ನಾಳೆ ಮೇಸ್ತ್ರಿ ಒಡೆದ ಬಚ್ಚಲು

ಒಡೆಯುವುದರಲ್ಲಿ ಅವನಷ್ಟು ಚುರುಕಾದ ಮನುಷ್ಯನನ್ನು ನಾನು ನೋಡಿಲ್ಲ. ಮೂರು ವಾರದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದವನು ಸಂಜೆ ಐದರೊಳಗೆ ನಮ್ಮ ಬಚ್ಚಲು ಮನೆಯ ನೆಲ, ಹೊಸ್ತಿಲು, ಅರ್ಧ ಗೋಡೆ ಎಲ್ಲವನ್ನೂ ಪುಡಿಗಟ್ಟಿ, ಬಾಗಿಲನ್ನು ಕಿತ್ತು ನಡುಮನೆಯ ಗೋಡೆಗೆ ಒರಗಿಸಿ, ಕೈಕಾಲು ತೊಳೆದುಕೊಂಡು ಹೊರಟ. ನಾನು ಎರಡು ಸಲ ಚಹಾ ಮಾಡಿ ಕೊಟ್ಟೆ. ಕೆಲಸಗಾರ ಅಂದರೆ ಹೀಗಿರಬೇಕು ಎಂದು ಪಕ್ಕದ ಮನೆಯವಳ ಹತ್ತಿರ ಹೊಗಳಿದೆ ಕೂಡ. ಆ ಮಾತು ನೆನಪಾದರೆ ಈಗ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಆಮೇಲೆ ಅವನು ಬಂದದ್ದು ಎರಡೇ ಸಲ. ಒಮ್ಮೆ ಪೈಪು ಎಳೆಯಲು, ಇನ್ನೊಮ್ಮೆ ಮರೆತುಹೋಗಿದ್ದ ಕನ್ನಡಕ ಒಯ್ಯಲು. ಬಾಂಡ್ಲಿ, ಕರಣೆ, ನೆಲದ ಮಟ್ಟ ನೋಡುವ ರಸಮಟ್ಟ ಮೂರನ್ನೂ ಮೂಲೆಯಲ್ಲೇ ಇಟ್ಟಿದ್ದ. "ಸಾಮಾನೆಲ್ಲ ನಿಮ್ಮನೇಲೇ ಇದೆಯಲ್ಲಕ್ಕ, ನಾನೆಲ್ಲಿ ಓಡಿ ಹೋಗ್ತೀನಿ?" ಎಂದಿದ್ದ. ಫೋನು ಮಾಡಿದರೆ ನಾಳೆ ಅನ್ನುತ್ತಿದ್ದ. ದೂರದ ಊರುಗಳಿಗೆ ಲಾರಿ ಓಡಿಸುವ ನನ್ನ ಗಂಡ ಮಾತಿನಲ್ಲಿ ಬಡವ, ಆದರೆ ಅವನೂ ಈ ಮನುಷ್ಯನಿಗೆ 'ನಾಳೆ ಮೇಸ್ತ್ರಿ' ಎಂದು ಹೆಸರಿಟ್ಟು, ನೀನೇ ನೋಡ್ಕೋ ಎಂದು ಹೇಳಿ ಲಾರಿ ಹತ್ತಿದ್ದ. ಭಾನುವಾರದವರೆಗೆ ಗಂಡ ಬರುವಂತಿರಲಿಲ್ಲ. ಬಚ್ಚಲು ನನಗೆ ಬೇಕಾಗಿದ್ದದ್ದು ಶನಿವಾರಕ್ಕೆ.

ಶನಿವಾರ ನನ್ನ ಅತ್ತೆ ಆಸ್ಪತ್ರೆಯಿಂದ ಬಿಡುಗಡೆಯಾಗುವುದಿತ್ತು. ಐದು ವಾರದ ಹಿಂದೆ ಬೆಳಿಗ್ಗೆ ಬಚ್ಚಲಿಗೆ ಹೋದವರು ಹೊಸ್ತಿಲ ಹತ್ತಿರ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಟೈಲ್ಸ್ ಅಲುಗಿತು, ಕಾಲು ಜಾರಿತು ಎಂದು ಆಂಬುಲೆನ್ಸಿನವರಿಗೂ ಡಾಕ್ಟರಿಗೂ ಮಗಳಿಗೂ ಒಂದೇ ಮಾತು ಹೇಳಿದ್ದರು. ಆಪರೇಷನ್ ಆಯಿತು, ಕೋಲು ಹಿಡಿದು ಹತ್ತು ಹೆಜ್ಜೆ ನಡೆಯುವಂತಾಯಿತು. ಮನೆಗೆ ಕಳಿಸಬೇಕಾದರೆ ಬಚ್ಚಲಿಗೆ ಹೊಸ್ತಿಲು ಇರಕೂಡದು, ಕಮೋಡು ಎತ್ತರವಿರಬೇಕು, ಗೋಡೆಗೆ ಹಿಡಿಕೆ ಇರಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನಾದಿನಿ ಅದಕ್ಕೆ ಒಂದು ಷರತ್ತು ಸೇರಿಸಿದಳು. ಅವಳು ಶನಿವಾರ ಕಾರು ತರುತ್ತಾಳೆ. ಬಚ್ಚಲು ಮುಗಿದಿದ್ದರೆ ಅಮ್ಮ ಇಲ್ಲಿಗೆ, ಇಲ್ಲದಿದ್ದರೆ ಆಸ್ಪತ್ರೆಯ ಬಾಗಿಲಿನಿಂದಲೇ ತನ್ನ ಮನೆಗೆ.

ಅವಳ ಮನೆ ಐದು ಗಂಟೆಯ ದಾರಿ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಬಚ್ಚಲು ಮಾತ್ರ ಕನ್ನಡಿಯ ಹಾಗಿದೆ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಲು ಜನರನ್ನು ಗೊತ್ತು ಮಾಡಿದ್ದಾಳಂತೆ. ಮಂಗಳವಾರ ಅತ್ತೆ ನರ್ಸಿನ ಫೋನಿನಿಂದ ಮಾತಾಡಿದರು. ಹಠಮಾರಿ ಹೆಂಗಸು, ನನ್ನ ಹತ್ತಿರ ಒಂದು ದಿನವೂ ಏನನ್ನೂ ಬೇಡಿದವರಲ್ಲ.

"ಅಲ್ಲಿಗೆ ಹತ್ತಿಸಿದ್ರೆ ಮತ್ತೆ ನನ್ನನ್ನ ಇಳಿಸೋದು ಒಂದೇ ಸಲ ಕಣೇ," ಎಂದರು. "ಏನಾದ್ರೂ ಮಾಡು."

ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಅನ್ನುತ್ತಾರೆ. ನಾವೂ ಆ ಹೆಸರಿಗೆ ಕಳಂಕ ತಂದವರಲ್ಲ. ಆದರೆ ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು ಜಗಳವಾಡಿದ್ದೇವೆ. ನಾನು ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ನಾನು ಮಷಿನ್ನಿನ ಮುಂದೆ, ಅತ್ತೆ ಕಿಟಕಿಯ ಪಕ್ಕದ ತಗ್ಗು ಕುರ್ಚಿಯಲ್ಲಿ. ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು ಅವರ ಕೆಲಸ. ಎರಡು ವರ್ಷದಿಂದ ಅವರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ನಾನು ಹತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡಬೇಕು. ದಾರ ಒಂದಿದ್ದರೆ ಅವರ ಬೆರಳಿಗೆ ಕಣ್ಣು ಬೇಕಾಗಿರಲಿಲ್ಲ. ಕೈ ಹೊಲಿಯುತ್ತಿದ್ದಷ್ಟು ಹೊತ್ತು ಬಾಯಿ ನನ್ನ ತಪ್ಪುಗಳನ್ನು ಬಿಚ್ಚುತ್ತಿತ್ತು. ಬೀಳುವ ಹಿಂದಿನ ವಾರ ಅವರ ನೈಟಿಯೊಂದನ್ನು ಕತ್ತರಿಸಿ, ಕೆಳಗಿನ ಅಂಚು ಬಾಕಿ ಇಟ್ಟು, ನಾಳೆ ಎಂದಿದ್ದೆ. "ಊರಿನವರ ಸಾಲಲ್ಲಿ ನಾನೂ ನಿಲ್ಲಬೇಕೇನು?" ಎಂದು ಅವರು ಎರಡು ದಿನ ಮಾತು ಬಿಟ್ಟಿದ್ದರು. ಈಗ ಐದು ವಾರದಿಂದ ಆ ಕುರ್ಚಿ ಖಾಲಿ. ಕೋಣೆಯಲ್ಲಿ ನನ್ನನ್ನು ಬೈಯುವವರೇ ಇಲ್ಲದೆ ನನಗೆ ಬಟ್ಟೆಯ ಒಳಮೈ ಯಾವುದು ಹೊರಮೈ ಯಾವುದು ತಿಳಿಯದಂತಾಗಿತ್ತು.

ಬುಧವಾರ ನಾನು ಕಾಲು ಸುಟ್ಟ ಬೆಕ್ಕಾಗಿದ್ದೆ. ಮಷಿನ್ನಿಗೆ ಕೂರುವುದು, ನಾಲ್ಕು ಹೊಲಿಗೆ ಹಾಕುವುದು, ಎದ್ದು ಹೋಗಿ ಬಚ್ಚಲು ನೋಡುವುದು. ನೋಡಿದರೆ ಅದೇ ಮಣ್ಣು, ಅದೇ ಕಲ್ಲುಪುಡಿ, ಬಾಯಿ ತೆರೆದುಕೊಂಡ ಅದೇ ಪೈಪು. ವಾಪಸು ಬಂದು ಕೂತರೆ ಬೀದಿಯಲ್ಲಿ ಗಾಡಿ ನಿಂತ ಸದ್ದು. ಅವನೇ ಎಂದು ಕಿಟಕಿಗೆ ಓಡುವುದು. ಅವನಾಗಿರುತ್ತಿರಲಿಲ್ಲ. ಒಂದು ಸೂಜಿ ಮುರಿಯಿತು, ಇನ್ನೊಂದು ಬೆರಳಿಗೆ ಹೊಕ್ಕಿತು. ಮೂರು ವಾರದಲ್ಲಿ ಮೇಸ್ತ್ರಿಯ ಚಿಕ್ಕಪ್ಪ ಎರಡು ಸಲ ತೀರಿಕೊಂಡಿದ್ದ. ಬುಧವಾರ ಮಧ್ಯಾಹ್ನ ಮೂರನೆಯ ಸಲ ಹಾಸಿಗೆ ಹಿಡಿದ. ನಾನು ಫೋನಿನಲ್ಲೇ, ಆ ಪುಣ್ಯಾತ್ಮ ಈ ಸಲವಾದರೂ ಪೂರ್ತಿ ಸಾಯಲಿ ಎಂದೆ. ಅವನು ನಕ್ಕ. ನಾಳೆ ಖಂಡಿತ ಎಂದ.

ಬೇರೆ ಮೇಸ್ತ್ರಿಗಳನ್ನು ಕರೆಯಲಿಲ್ಲವೇ ಎಂದು ಕೇಳಬೇಡಿ. ನಾಲ್ಕು ಜನರನ್ನು ಕರೆಸಿದ್ದೆ. ನಾಲ್ವರೂ ಬಚ್ಚಲಿನವರೆಗೆ ಬಂದು, ಬಗ್ಗಿ ನೋಡಿ, ಯಾರ ಕೆಲಸ ಇದು ಎಂದು ಕೇಳಿ, ಕೈ ಹಿಂದೆ ಕಟ್ಟಿಕೊಂಡರು. ಒಬ್ಬರು ಕೈ ಹಾಕಿದ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲವಂತೆ. ನಾಳೆ ಪೈಪು ಸೋರಿದರೆ ಯಾರ ತಲೆಗೆ ಕಟ್ಟುತ್ತೀರಿ ಎಂದು ಕೇಳಿದರು. ನನಗೆ ಮೈ ಉರಿಯಿತು, ಆದರೆ ವಾದಿಸಲಾಗಲಿಲ್ಲ. ನಮ್ಮ ಕಸುಬಿನಲ್ಲೂ ಅದೇ ನಿಯಮ. ಇನ್ನೊಬ್ಬ ದರ್ಜಿ ಕತ್ತರಿಸಿದ ಬಟ್ಟೆಯನ್ನು ನಾನು ಮುಟ್ಟುವುದಿಲ್ಲ.

ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಎಳೆದುಕೊಂಡು ಅವನನ್ನು ಹುಡುಕಲು ಹೊರಟೆ. ಮೊದಲು ಟೈಲ್ಸ್ ಅಂಗಡಿ. ಅಲ್ಲಿಯ ಗುಮಾಸ್ತ ಒಳ್ಳೆಯವನು, ಮೇಸ್ತ್ರಿ ಈ ತಿಂಗಳು ಎಲ್ಲೆಲ್ಲಿಗೆ ಸಾಮಾನು ಹೊಡೆಸಿದ್ದಾನೆ ಎಂದು ಮೂರು ಮನೆಗಳ ಗುರುತು ಹೇಳಿದ. ಮೊದಲನೆಯದರಲ್ಲಿ ಒಬ್ಬ ಹೆಂಗಸು ಅಡುಗೆಮನೆ ಕಳೆದುಕೊಂಡು, ಒಲೆಯನ್ನು ಮಲಗುವ ಕೋಣೆಯ ಕಿಟಕಿಗಟ್ಟೆಯ ಮೇಲಿಟ್ಟುಕೊಂಡಿದ್ದಳು. ಹನ್ನೊಂದು ದಿನದಿಂದ ತನ್ನ ದಿಂಬಿಗೆ ಒಗ್ಗರಣೆಯ ವಾಸನೆ ಎಂದಳು. ಅವಳಿಗೆ ನಾಳೆ ಬರುತ್ತೇನೆಂದು ಹೇಳಿದ್ದನಂತೆ. ಎರಡನೆಯ ಮನೆಯಲ್ಲಿ ಮೆಟ್ಟಿಲಿತ್ತು, ಹಿಡಿಯಲು ಕಂಬಿ ಇರಲಿಲ್ಲ. ಮನೆಮಂದಿ ಗೋಡೆಗೆ ಬೆನ್ನು ಸವರಿಕೊಂಡು ಹಲ್ಲಿಗಳ ಹಾಗೆ ಹತ್ತಿಳಿಯುತ್ತಿದ್ದರು. ಎರಡೂ ಮನೆಯ ಮೂಲೆಯಲ್ಲಿ ಒಂದೊಂದು ಬಾಂಡ್ಲಿ, ಒಂದೊಂದು ಕರಣೆ, ಒಂದೊಂದು ರಸಮಟ್ಟ. ಇಷ್ಟು ದಿನ ನಮ್ಮ ಮನೆಯ ರಸಮಟ್ಟವನ್ನು ನೋಡಿಕೊಂಡು ನಾನು ಧೈರ್ಯ ತಂದುಕೊಳ್ಳುತ್ತಿದ್ದೆ.

ಮೂರನೆಯ ಮನೆಯ ಜಗುಲಿಯಲ್ಲಿ ಆಸಾಮಿ ಸಿಕ್ಕಿದ. ಮೊಣಕಾಲೂರಿ ಕೂತು ಟೈಲ್ಸ್ ಹಾಸುತ್ತಿದ್ದ. ಎರಡು ಮಾರು ದೂರದಲ್ಲಿ ಮರದ ಕುರ್ಚಿ ಹಾಕಿಕೊಂಡು ಮನೆಯ ಯಜಮಾನರು ಕೂತಿದ್ದರು. ಕೈಯಲ್ಲಿ ಪೇಪರು, ಕಣ್ಣು ಮೇಸ್ತ್ರಿಯ ಕೈ ಮೇಲೆ. ನಿವೃತ್ತ ಪೋಸ್ಟ್ ಮಾಸ್ಟರು. ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಯ ಮನೆಯ ಮುಂದೆ ಹೋಗಿ ನಿಂತು, ಅವನ ಗಾಡಿಯ ಹಿಂದೆಯೇ ಕೂತು ಕರೆತಂದು, ಸಂಜೆಯವರೆಗೆ ಹೀಗೆ ಕಾವಲು ಕೂರುತ್ತಾರೆಂದು ಆಮೇಲೆ ತಿಳಿಯಿತು. ಅವರನ್ನು ಕಂಡು ನನ್ನ ಕಾಲು ಗೇಟಿನಲ್ಲೇ ತಡೆಯಿತು. ಆದರೆ ಸಿಟ್ಟು ನನಗಿಂತ ಮುಂದೆ ನಡೆದಿತ್ತು. ಬಾಯಿಗೆ ಬಂದಂತೆ ಬೈದೆ. ನಾಚಿಕೆ ಇಲ್ಲವೇ ಎಂದೆ. ಮಾಡಲಾಗದವನು ಯಾಕೆ ಒಡೆಯಬೇಕಿತ್ತು ಎಂದೆ. ನನ್ನ ಅತ್ತೆ ನಾಲ್ಕನೇ ಮಹಡಿಯಲ್ಲಿ ಸತ್ತರೆ ನಿನ್ನ ಹೆಸರು ಹೇಳಿ ಅಳುತ್ತೇನೆ ಎಂದೆ.

ಅವನು ತಲೆ ಎತ್ತದೆ ಒಂದು ಟೈಲ್ಸನ್ನು ಕೂರಿಸಿ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿದ.

"ಒಡೀದೆ ಇದ್ರೆ ನೀವು ನನಗೋಸ್ಕರ ಕಾಯ್ತಿದ್ರಾ ಅಕ್ಕ?" ಎಂದ. "ಬೇರೆಯವರನ್ನ ಕರೀತಿದ್ರಿ."

ಅವನ ದನಿಯಲ್ಲಿ ಕೊಬ್ಬು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಕಿವಿಯಲ್ಲಿ ನನ್ನ ಅಪ್ಪನ ದನಿ ಕೇಳಿದಂತಾಯಿತು. ಅಪ್ಪನೂ ದರ್ಜಿ. ಅವನು ನನಗೆ ಕಲಿಸಿದ ಮೊದಲ ಪಾಠ ಹೊಲಿಗೆಯದಲ್ಲ. ಗಿರಾಕಿ ಬಟ್ಟೆ ಕೊಟ್ಟ ದಿನವೇ ಕತ್ತರಿ ಹಾಕಿಬಿಡು ಮಗಳೇ, ಕತ್ತರಿಸಿದ ಬಟ್ಟೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಆಮೇಲೆ ನಿನ್ನ ಪುರುಸೊತ್ತು ಎನ್ನುತ್ತಿದ್ದ. ನಾನು ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದವಳು. ನನ್ನ ಕಪಾಟಿನಲ್ಲಿ ಆಗ ಕತ್ತರಿಸಿಟ್ಟ ಬಟ್ಟೆಗಳ ಮೂವತ್ತೆರಡು ಗಂಟುಗಳಿದ್ದವು.

ಆಗ ಪೋಸ್ಟ್ ಮಾಸ್ಟರು ಪೇಪರು ಮಡಚಿದರು. ನಾನು ಹೆದರಿದ್ದು ಅದಕ್ಕೇ.

"ನನ್ನ ಕೋಟು ಎಲ್ಲಿಗೆ ಬಂತು ಟೈಲರಮ್ಮ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಕೊರಳಿನ ಟೇಪಿಗೆ ಹೋಯಿತು. ಭಾನುವಾರ ಅವರ ಮೊಮ್ಮಗಳಿಗೆ ಕಾಲೇಜಿನಲ್ಲಿ ಪದವಿ ಕೊಡುವ ಸಮಾರಂಭ. ಅದಕ್ಕೆಂದು ಎರಡು ತಿಂಗಳ ಹಿಂದೆ ಬೂದು ಬಣ್ಣದ ಬಟ್ಟೆ ಕೊಟ್ಟಿದ್ದರು. ಸೋಮವಾರ ಫೋನು ಮಾಡಿದಾಗ, ಎಲ್ಲ ಮುಗಿದಿದೆ ಸಾರ್, ಗುಂಡಿ ಒಂದು ಬಾಕಿ ಎಂದಿದ್ದೆ. ಅದಕ್ಕೂ ಮುಂಚೆ ಅವರು ಕೇಳಿದ ಎರಡು ಸಲವೂ, ಅತ್ತೆ ಬಿದ್ದಿದ್ದಾರೆ ಎಂದಿದ್ದೆ. ಅದು ಸುಳ್ಳಲ್ಲ, ಆದರೆ ಆ ಐದು ವಾರ ಅತ್ತೆಯ ಸೊಂಟವನ್ನು ನಾನು ಎಷ್ಟು ಗಿರಾಕಿಗಳ ಮುಂದೆ ಇಟ್ಟಿದ್ದೆನೋ ಲೆಕ್ಕವಿಲ್ಲ. ಮೇಸ್ತ್ರಿಗೆ ಚಿಕ್ಕಪ್ಪನಾದರೆ ನನಗೆ ಅತ್ತೆ. ಕೋಟಿಗೆ ಇನ್ನೂ ತೋಳೇ ಕೂತಿರಲಿಲ್ಲ.

ನಿಜ ಹೇಳಿಬಿಟ್ಟೆ. ಮೇಸ್ತ್ರಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ನಗಲಿಲ್ಲ, ಅವನ ಪುಣ್ಯ.

ಪೋಸ್ಟ್ ಮಾಸ್ಟರು, ಅತ್ತೆ ಬರುವುದು ಯಾವತ್ತು ಎಂದು ಕೇಳಿದರು. ಶನಿವಾರ ಸಂಜೆ ಎಂದೆ. ತಮ್ಮ ಜಗುಲಿ ಮುಂದಿನ ವಾರಕ್ಕೆ ಕಾಯಬಹುದು, ಕೋಟು ಕಾಯುವಂತಿಲ್ಲ ಎಂದರು. ಎದ್ದು ನಿಂತು, ಕುರ್ಚಿಯನ್ನು ಎತ್ತಿ ಮೇಸ್ತ್ರಿಯ ಗಾಡಿಯ ಹಿಂದೆ ಇಡಿಸಿದರು. "ನಡೀರಿ ಇಬ್ಬರೂ," ಎಂದರು.

ಹೀಗೆ ಗುರುವಾರ ಮಧ್ಯಾಹ್ನದ ಹೊತ್ತಿಗೆ ಆ ಮರದ ಕುರ್ಚಿ ನಮ್ಮ ನಡುಮನೆಗೆ ಬಂತು. ಅದನ್ನು ಎಲ್ಲಿ ಹಾಕಬೇಕೆಂದು ಅವರು ಎರಡು ಮೂರು ಕಡೆ ಕೂತು ನೋಡಿದರು. ಕೊನೆಗೆ ಎಡಕ್ಕೆ ತಿರುಗಿದರೆ ಬಚ್ಚಲು, ಬಲಕ್ಕೆ ತಿರುಗಿದರೆ ನನ್ನ ಮಷಿನ್ನು ಕಾಣುವ ಜಾಗ ಸಿಕ್ಕಿತು. ಅಲ್ಲಿ ಕೂತು ಪೇಪರು ಬಿಡಿಸಿದರು. ಮೂವತ್ತೈದು ವರ್ಷ ಕಾಗದ ವಿಂಗಡಿಸಿದ ಮನುಷ್ಯ, ಯಾವುದು ಯಾವ ಕಡೆಗೆ ಹೋಗಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಚ್ಚಲಲ್ಲಿ ಸುತ್ತಿಗೆಯ ಸದ್ದು ನಿಂತರೆ ಎಡಕ್ಕೆ ಕೆಮ್ಮುತ್ತಿದ್ದರು. ಮಷಿನ್ನು ನಿಂತರೆ ಬಲಕ್ಕೆ ಕೆಮ್ಮುತ್ತಿದ್ದರು. ಒಮ್ಮೆ ನಾನು ಬಾಬಿನ್ನಿಗೆ ದಾರ ಸುತ್ತುತ್ತಿದ್ದಾಗಲೂ ಕೆಮ್ಮಿದರು. ಇದೂ ಕೆಲಸವೇ ಸಾರ್ ಎಂದು ವಿವರಿಸಬೇಕಾಯಿತು.

ನನ್ನ ಜನ್ಮದಲ್ಲಿ ಅಷ್ಟು ಕೆಲಸ ಮಾಡಿದ ದಿನವಿಲ್ಲ. ಆದರೂ ಜೀವಕ್ಕೆ ನೆಮ್ಮದಿ ಇರಲಿಲ್ಲ. ಇವನು ಈಗ ಎದ್ದು ಹೋದರೆ, ಸಿಮೆಂಟು ಸಾಲದೆ ಬಂದರೆ, ಕಮೋಡಿನ ಅಳತೆ ತಪ್ಪಿದರೆ ಎಂದು ತೋಳು ಕೂರಿಸುತ್ತಲೇ ಕಿವಿ ಬಚ್ಚಲಲ್ಲಿ ಇಟ್ಟಿದ್ದೆ. ಎಡಗಡೆಯ ತೋಳನ್ನು ಬಲಗಡೆಗೆ ಹೊಲಿದು ಮತ್ತೆ ಬಿಚ್ಚಿದೆ. ಶುಕ್ರವಾರ ಹೊತ್ತೇರುವ ಮೊದಲು ಹೊಸ ನೆಲ ಕೂತಿತು, ಮಧ್ಯಾಹ್ನಕ್ಕೆ ಕಮೋಡು ನಿಂತಿತು. ಕೆಲಸಕ್ಕೆ ನಿಂತರೆ ಅವನು ಒಳ್ಳೆಯ ಕೆಲಸಗಾರನೇ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಪೋಸ್ಟ್ ಮಾಸ್ಟರು ಊಟಕ್ಕೆಂದು ಮನೆಗೆ ಹೋದ ಅರ್ಧ ಗಂಟೆಯಲ್ಲಿ ನಾನು ಚಹಾ ಕೊಡಲು ಹೋದೆ. ಹಿಡಿಕೆ ಎಷ್ಟು ಎತ್ತರಕ್ಕೆ ಬೇಕು, ನಿಮ್ಮತ್ತೆ ಎಷ್ಟು ಉದ್ದ ಇದ್ದಾರೆ ಎಂದು ಕೇಳಿದ. ಅತ್ತೆಯ ಅಳತೆ ನನಗೆ ಬಾಯಿಪಾಠ. ಹೆಗಲಿನಿಂದ ನೆಲಕ್ಕೆ ನಲವತ್ತೇಳು ಇಂಚು, ತೋಳು ಹತ್ತೊಂಬತ್ತೂವರೆ. ಅವನು ಪೆನ್ಸಿಲಿನಿಂದ ಗೋಡೆಗೆ ಗುರುತು ಹಾಕಿಕೊಂಡ. ಕೈತುಂಬ ಕೆಲಸವಿದ್ದೂ ಹೀಗೆ ನಾಲ್ಕು ಮನೆ ಯಾಕೆ ಹಾಳು ಮಾಡುತ್ತೀಯ ಎಂದು ಕೇಳಿದೆ. ಈ ಸಲ ನನ್ನ ದನಿ ಏರಲಿಲ್ಲ.

"ಭಯ ಅಕ್ಕ," ಎಂದ. "ಒಂದು ಮನೆ ಮುಗಿಸೋ ಹೊತ್ತಿಗೆ ಇನ್ನೊಂದು ಇರಲ್ವೇನೋ ಅಂತ. ಒಡೆದಿಟ್ರೆ ಇರುತ್ತೆ."

ನನಗೆ ಆ ಭಯ ಚೆನ್ನಾಗಿ ಗೊತ್ತು. ಮೂವತ್ತೆರಡು ಗಂಟುಗಳನ್ನು ದಿನಾ ನೋಡುತ್ತೇನಲ್ಲ. ಲೋಟ ತೆಗೆದುಕೊಂಡು ಹೊರಟೆ. ಅವನೇ ಹಿಂದಿನಿಂದ ಮಾತು ಮುಂದುವರಿಸಿದ.

"ಒಂದು ಮಾತು ಹೇಳ್ಲಾ? ನಿಮ್ಮ ಹಳೇ ನೆಲ ಜಾರೋ ನೆಲ ಅಲ್ಲ. ಒರಟು ಕಲ್ಲಿನ ಟೈಲ್ಸು. ಒಂದೂ ಅಲುಗ್ತಿರಲಿಲ್ಲ, ಒಡೆಯೋಕೆ ನನ್ನ ಎರಡು ಉಳಿ ಹೋದ್ವು. ಅಮ್ಮ ಹೇಗೆ ಜಾರಿದ್ರೋ."

ಹೊಸ್ತಿಲ ಹತ್ತಿರದ್ದು ಅಲುಗಿತ್ತಂತೆ, ಬಿದ್ದವರೇ ಹೇಳಿದ್ದಾರೆ, ನಿನಗೇನು ಗೊತ್ತು ಎಂದು ಬಾಯಿ ಮುಚ್ಚಿಸಿದೆ. ಅವನು ಭುಜ ಹಾರಿಸಿ ಹಿಡಿಕೆಗೆ ತೂತು ಕೊರೆಯಲು ಶುರುಮಾಡಿದ. ಮಷಿನ್ನಿಗೆ ಮರಳಿದ ಮೇಲೆ ಆ ಮಾತು ಅಂಗಿಯೊಳಗೆ ಉಳಿದ ಗುಂಡುಸೂಜಿಯ ಹಾಗೆ ಆಗಾಗ ಚುಚ್ಚುತ್ತಿತ್ತು. ಆದರೆ ಕೋಟಿಗೆ ಗುಂಡಿ ಬಾಕಿ ಇತ್ತು. ಈ ಸಲ ನಿಜವಾಗಿಯೂ ಅದೊಂದೇ ಬಾಕಿ.

ಶುಕ್ರವಾರ ಸಂಜೆ ಪೋಸ್ಟ್ ಮಾಸ್ಟರು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಮುಂದೆ ನೋಡಿಕೊಂಡರು, ತಿರುಗಿ ಹಿಂದೆ ನೋಡಿಕೊಂಡರು. ಕೋಟನ್ನು ಬಿಚ್ಚದೆ ಹಾಗೇ ಹಾಕಿಕೊಂಡು ಮನೆಗೆ ನಡೆದರು. ಕುರ್ಚಿಯನ್ನು ಮರೆತರು. ಆದರೆ ಬಚ್ಚಲಿಗೆ ಬಾಗಿಲು ಇನ್ನೂ ಕೂತಿರಲಿಲ್ಲ. ಹಳೆಯ ಕೀಲು ತುಕ್ಕು ಹಿಡಿದಿತ್ತು. ಬೆಳಿಗ್ಗೆ ಹೊಸ ಕೀಲು ತಂದು ಹತ್ತು ನಿಮಿಷದಲ್ಲಿ ಕೂರಿಸಿಬಿಡುತ್ತೇನೆ ಎಂದು ಮೇಸ್ತ್ರಿ ಗಾಡಿ ಹತ್ತಿದ. ರಸಮಟ್ಟ ಮೂಲೆಯಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಅವನು ಬರಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ನಾನು ಬೀದಿಯ ಕೊನೆಯವರೆಗೆ ಏಳು ಸಲ ಹೋಗಿ ಬಂದೆ. ಫೋನು ಎತ್ತಲಿಲ್ಲ. ಕಾವಲಿಗೆ ಪೋಸ್ಟ್ ಮಾಸ್ಟರೂ ಇರಲಿಲ್ಲ, ಅವರು ಮೊಮ್ಮಗಳ ಊರಿನ ಬಸ್ಸು ಹಿಡಿದಾಗಿತ್ತು. ನಾದಿನಿಯ ನಾಲಿಗೆ ನನಗೆ ಗೊತ್ತು. ಬಾಗಿಲಿಲ್ಲದ ಬಚ್ಚಲನ್ನು ಅವಳು ಬಚ್ಚಲು ಎಂದು ಒಪ್ಪುವವಳಲ್ಲ. ಎರಡು ಗಂಟೆಗೆ ನನ್ನ ತಲೆ ಕೆಲಸ ಮಾಡಿತು. ಕಪಾಟು ತೆಗೆದು, ಯಾರದೋ ಪರದೆಗೆಂದು ಬಂದಿದ್ದ ದಪ್ಪ ಬಟ್ಟೆಯನ್ನು ಎಳೆದು, ಬಾಗಿಲಿನ ಅಳತೆಗೆ ಕತ್ತರಿಸಿ, ನಾಲ್ಕೂ ಕಡೆ ಮಡಚಿ ಹೊಲಿದು, ಮೇಲೆ ಉಂಗುರ ಹಚ್ಚಿ, ಚೌಕಟ್ಟಿಗೆ ಒಂದು ಕಂಬಿ ಸಿಕ್ಕಿಸಿ ತೂಗುಬಿಟ್ಟೆ. ಬೇರೆಯವರ ಬಟ್ಟೆಯನ್ನು ಹೀಗೆ ಬಳಸಿದ್ದು ಅದೇ ಮೊದಲು. ಸೋಮವಾರ ಆ ಗಿರಾಕಿಗೆ ಹೊಸ ಬಟ್ಟೆ ತಂದು ಕೊಡುವುದೆಂದು ಅಲ್ಲೇ ತೀರ್ಮಾನಿಸಿದೆ. ಪರದೆ ಬಿಗಿಯಾಗಿ, ನೆಲಕ್ಕೆ ಎರಡು ಬೆರಳು ಮೇಲೆ ನಿಂತಿತು. ಕಾಲಿಗೆ ತೊಡರದ ಹಾಗೆ ನೋಡಿಕೊಂಡಿದ್ದೆ.

ಐದಕ್ಕೆ ಕಾರು ಬಂತು. ನಾದಿನಿ ಅತ್ತೆಯನ್ನು ಕಾರಿನಲ್ಲೇ ಬಿಟ್ಟು, ಮೊದಲು ತಾನೊಬ್ಬಳೇ ಒಳಗೆ ಬಂದಳು. ಪರದೆ ಸರಿಸಿದಳು. ಚಪ್ಪಲಿ ಬಿಟ್ಟು ನೆಲವನ್ನು ಉಜ್ಜಿ ನೋಡಿದಳು, ಹಿಡಿಕೆಗೆ ಜೋತುಬಿದ್ದು ಎಳೆದಳು, ಕಮೋಡಿನ ಮೇಲೆ ಕೂತು ಎದ್ದಳು. ನಾನು ಗೋಡೆಗೆ ಒರಗಿಸಿದ ಬಾಗಿಲಿನ ಪಕ್ಕ, ಅದರಂತೆಯೇ ನಿಂತಿದ್ದೆ.

"ಬಾಗಿಲು?" ಎಂದಳು.

"ಕೋಲು ಹಿಡಿದವರಿಗೆ ಪರದೆಯೇ ಸುಲಭ," ಎಂದೆ. "ಒಂದು ಕೈಯಲ್ಲಿ ಸರಿಸಬಹುದು."

ಅವಳು ಪರದೆಯನ್ನು ಎರಡು ಸಲ ಸರಿಸಿ ನೋಡಿದಳು. ಆಮೇಲೆ ಹೋಗಿ ಅಮ್ಮನನ್ನು ಇಳಿಸಿಕೊಂಡು ಬಂದಳು. ಅತ್ತೆ ಇಳಿದುಹೋಗಿದ್ದರು, ಹೆಗಲಿನಲ್ಲಿ ಒಂದು ಇಂಚು ಕಡಿಮೆಯಾಗಿದ್ದರು. ಕಣ್ಣು ಮಾತ್ರ ಮೊದಲಿನಂತೆಯೇ ಕೋಣೆಯ ಧೂಳನ್ನೆಲ್ಲ ಎಣಿಸಿತು. ನಡುಮನೆಯಲ್ಲಿದ್ದ ಅಪರಿಚಿತ ಕುರ್ಚಿಯನ್ನು ನೋಡಿ, ಇದ್ಯಾರದ್ದು, ನನ್ನ ಜಾಗಕ್ಕೆ ಆಗಲೇ ಬೇರೆಯವರು ಬಂದರೇನು ಎಂದು ಕೇಳಿದರು. ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಬಟ್ಟೆಯ ಚೀಲ ಇಸಿದುಕೊಂಡೆ.

ನಾದಿನಿ ಮಾತ್ರೆಗಳನ್ನು ಜೋಡಿಸಲು ಅಡುಗೆಮನೆಗೆ ಹೋದಳು. ನಾನು ಅತ್ತೆಯ ಹಾಸಿಗೆಯ ಪಕ್ಕ ಕೂತು ಚೀಲ ಬಿಚ್ಚಿದೆ. ತಳದಲ್ಲಿ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರಿತ್ತು, ಆಸ್ಪತ್ರೆಯ ಚೀಟಿ ಅಂಟಿಸಿತ್ತು. ಬಿದ್ದ ದಿನ ಮೈಮೇಲಿದ್ದ ಬಟ್ಟೆ. ಐದು ವಾರದಿಂದ ಯಾರೂ ಬಿಚ್ಚಿರಲಿಲ್ಲ. ಒಗೆಯಲು ಹಾಕೋಣವೆಂದು ಬಿಚ್ಚಿದೆ.

ಅದೇ ನೈಟಿ. ನಾನು ಕತ್ತರಿಸಿದ್ದು. ಮಡಚಿ ಹೊಲಿಯಲೆಂದು ಕೆಳಗೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುವುದು ನನ್ನ ಪದ್ಧತಿ. ಅಂಚನ್ನು ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ತಾತ್ಕಾಲಿಕವಾಗಿ ನಿಲ್ಲಿಸಿದ್ದೆ. ಮುಂಭಾಗದಲ್ಲಿ ಒಂದು ಗೇಣು ಆ ಹೊಲಿಗೆ ಕಿತ್ತುಬಂದಿತ್ತು, ಬಟ್ಟೆ ಕುಣಿಕೆಯ ಹಾಗೆ ಜೋತಿತ್ತು. ಒಂದು ಪಾದ ಸಲೀಸಾಗಿ ಹೊಕ್ಕು ಸಿಕ್ಕಿಕೊಳ್ಳುವಷ್ಟು. ಬಟ್ಟೆಯಲ್ಲಿ ಹೆಬ್ಬೆರಳು ಚುಚ್ಚಿದ ತೂತು ಕೂಡ ಇತ್ತು.

ಅತ್ತೆ ಬಿದ್ದ ದಿನ ಬೆಳಿಗ್ಗೆ ಮೆತ್ತೆಯಲ್ಲಿ ದಾರವಿದ್ದ ಒಂದು ಸೂಜಿಯೂ ಇರಲಿಲ್ಲ. ಅದರ ಹಿಂದಿನ ದಿನವೂ ಇರಲಿಲ್ಲ. ಪುರುಸೊತ್ತಿಲ್ಲ ಎಂದು ನಾನು ಪೋಣಿಸಿಟ್ಟಿರಲಿಲ್ಲ. ಇದ್ದಿದ್ದರೆ ಅವರೇ ಹೊಲಿದುಕೊಳ್ಳುತ್ತಿದ್ದರು.

ನಾನು ತಲೆ ಎತ್ತಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

"ಟೈಲ್ಸ್ ಅಲುಗಿತು ಅಂತ ಹೇಳಿದೀನಿ. ಅದು ಹಾಗೇ ಇರಲಿ," ಎಂದರು. "ಅವಳಿಗೆ ಇದು ಗೊತ್ತಾದ್ರೆ ನನ್ನನ್ನ ನಿನ್ನ ಹತ್ರ ಬಿಟ್ಟು ಹೋಗ್ತಾಳಾ?"

ಮೇಸ್ತ್ರಿಗೆ ಬೈದ ಒಂದೊಂದು ಮಾತೂ ತಿರುಗಿ ಬಂದು ನನ್ನ ಮೇಲೆ ಬಿತ್ತು. ನಾಚಿಕೆ ಇಲ್ಲವೇ ಎಂದಿದ್ದೆ. ಮಾಡಲಾಗದವನು ಯಾಕೆ ಒಡೆಯಬೇಕಿತ್ತು ಎಂದಿದ್ದೆ. ಕಾಲು ಹಿಡಿದುಕೊಳ್ಳೋಣವೆಂದರೆ ಆ ಕಾಲು ಆಪರೇಷನ್ನಾದ ಕಾಲು, ಮುಟ್ಟಲು ಧೈರ್ಯವಾಗಲಿಲ್ಲ. ತಪ್ಪಾಯ್ತು ಅತ್ತೆ ಎಂದೆ. ಅವರು, ಚೀಲದಲ್ಲಿ ನನ್ನ ಕನ್ನಡಕ ಇದೆಯೋ ನೋಡು ಎಂದರು.

ನಾದಿನಿ ಚಹಾ ಕುಡಿದು ಕಾರು ಹತ್ತಿದಳು. ಹೋಗುವಾಗ, ಬಚ್ಚಲು ಚೆನ್ನಾಗಿ ಮಾಡಿಸಿದ್ದೀರಿ ಅತ್ತಿಗೆ, ನಾನು ನಂಬಿರಲಿಲ್ಲ ಎಂದಳು. ನಾನು ತಲೆಯಾಡಿಸಿದೆ. ಅವಳ ಕಾರು ತಿರುವಿನಲ್ಲಿ ಮರೆಯಾಗುತ್ತಲೇ ಫೋನು ಬಂತು. ಮೇಸ್ತ್ರಿ. ಕೀಲು ಸಿಕ್ಕಿದೆ, ನಾಳೆ ಖಂಡಿತ ಬಂದು ಬಾಗಿಲು ಕೂರಿಸುತ್ತೇನೆ ಎಂದ. ಬೈಯಲು ನನ್ನಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಮೊದಲು ಆ ಅಡುಗೆಮನೆಯವಳಿಗೆ ಒಲೆ ಇಡುವ ಕಟ್ಟೆ ಕಟ್ಟಿಕೊಡು, ನಮ್ಮದು ಆಮೇಲೆ ಎಂದೆ.

ಒಳಗೆ ಹೋಗಿ ನೈಟಿಯನ್ನು ಒಗೆದು, ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿದೆ. ಸೂಜಿಗೆ ದಾರ ಪೋಣಿಸಿ, ಅತ್ತೆಯ ತಗ್ಗು ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆಳೆದು ಕೂತೆ. ಅಂಚನ್ನು ಅಳತೆಗೆ ಮಡಚಿ, ಸುತ್ತಲೂ ಒಂದು ಸಾಲು ಸಣ್ಣ ಸಣ್ಣ ಹೊಲಿಗೆ ಹಾಕಿದೆ. ಮನಸ್ಸಿಗೆ ಸಾಲದೆ ಅದರ ಮೇಲೆ ಇನ್ನೊಂದು ಸಾಲು ಹಾಕಿದೆ. ಗಂಟು ಹಾಕಿ, ದಾರ ಕಚ್ಚಿ, ಅವರ ಮಡಿಲಿಗೆ ಇಟ್ಟೆ.

ಅತ್ತೆ ಅದನ್ನು ನೋಡಲಿಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ಎಳೆದುಕೊಂಡು ಹೋದರು.

"ಒಂದು ಸಾಲೇ ಸಾಕಾಗಿತ್ತು," ಎಂದರು.